ಊದದಿದ್ದರೆ ಕುಡಿದಂತೆ

ಆ ಬಟ್ಟೆ ಬದಲಾಗಿಲ್ಲ, ನಿನ್ನೆಯದೇ, ಮೂಲೆಯಲ್ಲಿ ಗ್ರೀಸಿನ ಕಲೆ ಇರುವ ಹಳದಿ ಬಟ್ಟೆ, ಅದರಲ್ಲೇ ಒರೆಸುತ್ತಿದ್ದಾನೆ ಪೈಪಿನ ತುದಿಯನ್ನು, ಒಬ್ಬೊಬ್ಬರಿಗೂ ಹೊಸ ಪೈಪು ಅಂತ ಗೋಡೆಯ ಮೇಲೆ ಬರೆದಿದೆ, ಬರೆದವನು ಒಂದು ದಿನವೂ ಇಲ್ಲಿ ಬಂದು ಊದಿಲ್ಲ, ನನಗಿಂತ ಮುಂದೆ ಏಳು ಜನ, ಏಳು ಬಾಯಿಯ ಎಂಜಲು ಅದೇ ಬಟ್ಟೆಯಲ್ಲಿ, ಎಂಟನೆಯದು ನನ್ನದು — ಗಡಿಯಾರ ಆರೂ ಇಪ್ಪತ್ತು, ಆರೂ ನಲವತ್ತಕ್ಕೆ ನನ್ನ ಬಸ್ಸು ಡಿಪೋದ ಗೇಟು ದಾಟಬೇಕು, ಏಳೂ ಹತ್ತಕ್ಕೆ ನಮ್ಮ ಬೀದಿಯ ಸ್ಟಾಪು, ಅಲ್ಲಿ ಮಗಳು ನಿಂತಿರುತ್ತಾಳೆ, ಯಾವ ಕಡೆ ನಿಂತಿರುತ್ತಾಳೆ ಅನ್ನುವುದಷ್ಟೇ ಈಗ ಪ್ರಶ್ನೆ, ರಸ್ತೆಯ ಈ ಕಡೆ ನಿಂತಿದ್ದರೆ ನನ್ನ ಬಸ್ಸು ಹತ್ತಿ ಕಾಲೇಜಿಗೆ, ಎರಡು ವರ್ಷದಿಂದ ಹತ್ತುತ್ತಿರುವ ಹಾಗೆ, ಆ ಕಡೆ ನಿಂತಿದ್ದರೆ ಎದುರು ಬಸ್ಸು, ನನ್ನ ಅಣ್ಣನ ಮನೆಗೆ, ಬೆಳಿಗ್ಗೆ ನಾನು ಶೂ ಕಟ್ಟುವಾಗ ಅವಳ ಕೋಣೆಯಲ್ಲಿ ಚೀಲದ ಜಿಪ್ಪು ಎಳೆದ ಸದ್ದಾಯಿತು, ಪುಸ್ತಕದ ಚೀಲಕ್ಕೆ ಅಷ್ಟುದ್ದ ಜಿಪ್ಪಿಲ್ಲ — ಊದಯ್ಯ ಬೇಗ, ಮೊದಲನೆಯವನು ಮಫ್ಲರಿನವನು, ಅವನಿಗೆ ದಿನಾ ಒಂದು ತಮಾಷೆ ಬೇಕು, ಏನ್ ಮಾಸ್ತರೇ, ಹೆಂಡ್ತಿ ಹತ್ರ ಬೈಸ್ಕೊಂಡು ಬಂದಿರೋದೂ ಇದ್ರಲ್ಲಿ ಗೊತ್ತಾಗುತ್ತಾ ಅಂತ ಕೇಳುತ್ತಾನೆ, ಅದಕ್ಕೆ ಮೆಷಿನ್ ಯಾಕೆ, ನಿನ್ನ ಮುಖ ಸಾಕು, ಊದು ಅಂತ ಕಿಟಕಿಯ ಒಳಗಿನಿಂದ ಗಾಳಿಮಾಸ್ತರ, ಕುಡಿದಿದ್ದೇವಾ ಅಂತ ನಮ್ಮ ಉಸಿರು ಪರೀಕ್ಷೆ ಮಾಡುವ ಗುಮಾಸ್ತನಿಗೆ ಡಿಪೋ ಇಟ್ಟ ಹೆಸರು ಅದು, ಎಲ್ಲರೂ ನಗುತ್ತಾರೆ, ನಾನು ನಗುವುದಿಲ್ಲ, ಮಾಸ್ತರ ನನ್ನ ಕಡೆ ನೋಡಿದ, ಯಾಕೆ ನೋಡಿದ, ನನ್ನ ಚೀಲ ನೋಡಿದನೋ, ಚೀಲದಲ್ಲಿ ಎರಡನೆಯ ಮೆಷಿನ್ನಿದೆ, ಡಿಪೋದ್ದೇ, ಅದನ್ನು ನಿನ್ನೆ ಮಧ್ಯಾಹ್ನ ರಿಪೇರಿ ಆಫೀಸಿನಿಂದ ತಂದು ಇವನ ಕೈಗೆ ಕೊಡಬೇಕಿತ್ತು, ನಾನು ಕೊಡಲಿಲ್ಲ, ಮನೆಗೆ ಒಯ್ದೆ.

ಒಯ್ದೆ ಅಷ್ಟೇ, ಕದ್ದಿಲ್ಲ, ಒಂದು ರಾತ್ರಿ ನನ್ನ ಮನೆಯ ಕಪಾಟಿನಲ್ಲಿತ್ತು, ಇಲ್ಲಿ ಕಿಟಕಿ ಮುಚ್ಚಿತ್ತು ಅಂದರೆ ಆಯಿತು, ಇವರೇನು ಕೇಳುವುದು, ಒಂಬತ್ತು ವರ್ಷದಿಂದ ನನ್ನ ಉಸಿರನ್ನು ದಿನಾ ಒಯ್ದವರು ಇವರು, ಅದೂ ಎರಡೆರಡು ಸಲ, ಎಲ್ಲರಿಗೂ ಒಂದು ಸಲ, ನನಗೆ ಮಾತ್ರ ಎರಡು, ಮೊದಲ ದಿನವೇ ಮಾಸ್ತರ ಹೇಳಿದ್ದ, ಬೇಜಾರು ಮಾಡ್ಕೋಬೇಡ ಕಣಪ್ಪ, ನೀನು ಅವನ ಮಗ ಅಲ್ವಾ, ಒಂದ್ಸಲ ಮೆಷಿನ್ನಿಗೆ, ಇನ್ನೊಂದ್ಸಲ ನನ್ನ ಸಮಾಧಾನಕ್ಕೆ, ಅವನು ಅಂದರೆ ನನ್ನ ಅಪ್ಪ, ಇದೇ ಡಿಪೋದಲ್ಲಿ ಡ್ರೈವರು, ಕುಡಿದು ಬಸ್ಸು ಹಿಂದಕ್ಕೆ ತೆಗೆಯುವಾಗ ತೊಳೆಯುವ ಅಂಗಳದ ಗೋಡೆಗೆ ಗುದ್ದಿ ಕೆಲಸ ಕಳೆದುಕೊಂಡವನು, ಗೋಡೆಗೆ ಹಾಕಿದ ತೇಪೆ ಇವತ್ತಿಗೂ ಇದೆ, ಸುಣ್ಣ ಬಳಿದರೂ ಆ ಚೌಕ ಬೇರೆ ಬಣ್ಣಕ್ಕೆ ತಿರುಗುತ್ತದೆ, ಹೊಸದಾಗಿ ಸೇರಿದವರಿಗೆ ತೋರಿಸುತ್ತಾರೆ, ಇದು ಅವರಪ್ಪಂದು ಅಂತ, ನಾನು ಹುಟ್ಟಿ ಒಂದು ಹನಿ ಮುಟ್ಟಿದವನಲ್ಲ, ಮುಟ್ಟದವನು ಅಂತ ಹೇಳಿದರೆ ಅನುಮಾನ ಇನ್ನೂ ಜಾಸ್ತಿ, ಮುಟ್ಟಲೇ ಇಲ್ವಾ, ಯಾಕೆ, ಮುಟ್ಟಿದರೆ ಬಿಡೋಕಾಗಲ್ಲ ಅಂತ ಭಯಾನಾ — ಹೌದು ಭಯ, ಏನೀಗ. ಈ ಮೆಷಿನ್ನು ಹೇಗೆ ಬಂತು ಅಂತ ಯಾರಿಗೂ ನೆನಪಿಲ್ಲ, ನನಗಿದೆ, ಹನ್ನೊಂದನೇ ರೂಟಿನವನು ರಜೆ ಸಿಗದೆ ಎರಡು ಡ್ಯೂಟಿ ಬೆನ್ನಿಗೆ ಬೆನ್ನು ಮಾಡಿ, ಹದಿನೇಳನೇ ಗಂಟೆಯಲ್ಲಿ ಸ್ಟಿಯರಿಂಗಿನ ಮೇಲೆ ಕಣ್ಣು ಮುಚ್ಚಿದ, ಅವನೂ ಹೋದ, ಇನ್ನೂ ಮೂವರು ಹೋದರು, ವಿಚಾರಣೆಯ ಕಾಗದದಲ್ಲಿ ಮದ್ಯ ಸೇವನೆಯ ಶಂಕೆ ಅಂತ ಬರೆದರು, ಅವನೂ ನನ್ನ ಹಾಗೆ ಒಂದು ಹನಿ ಮುಟ್ಟದವನು, ಶಂಕೆ ಅಂತ ಬರೆಯುವುದಕ್ಕೆ ಸಾಕ್ಷಿ ಬೇಕಿಲ್ಲ, ಸತ್ತವನು ಬಂದು ಊದುವುದಿಲ್ಲ, ಮುಂದಿನ ತಿಂಗಳೇ ಮೆಷಿನ್ನು ತಂದರು, ನಿದ್ದೆ ಅಳೆಯುವ ಮೆಷಿನ್ನು ತರಲಿಲ್ಲ, ಹದಿನೇಳು ಗಂಟೆ ಅಳೆಯುವ ಮೆಷಿನ್ನು ತರಲಿಲ್ಲ, ಡಿಪೋ ಗೋಡೆಗೆ ಆನಿಕೊಂಡೇ ಇದೆ ಬ್ರಾಂದಿ ಅಂಗಡಿ, ಡ್ಯೂಟಿ ಇಳಿದವನು ಗೇಟಿಗಿಂತ ಮೊದಲು ಅಂಗಡಿ ನೋಡುತ್ತಾನೆ, ಅದಕ್ಕೆ ಪರವಾನಗಿ ಕೊಟ್ಟ ಮೊಹರು, ನಮ್ಮನ್ನು ಊದಿಸುವ ಆದೇಶದ ಮೊಹರು, ಎರಡೂ ಒಂದೇ, ನಾನು ಹತ್ತಿರದಿಂದ ನೋಡಿದ್ದೇನೆ, ಗೋಡೆಯ ಆ ಕಡೆ ಕುಡಿಸುವವರೂ ಇವರೇ, ಈ ಕಡೆ ಊದಿಸುವವರೂ ಇವರೇ, ಮೇಲಿನ ಅಧಿಕಾರಿಗಳು ಕಾರಿನಿಂದ ಇಳಿದು ನೇರ ಒಳಗೆ ಹೋಗುತ್ತಾರೆ, ಅವರ ಉಸಿರು ಯಾರಿಗೂ ಬೇಡ.

ಐದು ಜನ ಇದ್ದಾರೆ ಮುಂದೆ, ಒಬ್ಬನಿಗೆ ಕೆಮ್ಮು ಬಂದು ಉಸಿರು ತುಂಡಾಯಿತು, ಮತ್ತೆ ಮೊದಲಿನಿಂದ, ಆರೂ ಇಪ್ಪತ್ತಾರು — ಮತ್ತೆ ಈಗ ಹೊಸ ಫಾರಂ, ಹೋದ ವಾರ ಹಂಚಿದ್ದಾರೆ, ಹನ್ನೊಂದನೇ ಕಲಮು, ತಂದೆ ಅಥವಾ ಸೋದರರಿಗೆ ಮದ್ಯವ್ಯಸನ ಇತ್ತೇ, ಹೌದು, ಇಲ್ಲ, ಯಾವುದಾದರೂ ಒಂದನ್ನು ಹೊಡೆದು ಹಾಕಿ, ಎಷ್ಟು ಗಂಟೆ ಬಸ್ಸು ಓಡಿಸುತ್ತೀರಿ ಅನ್ನುವ ಕಲಮು ಇಲ್ಲ, ನಿದ್ದೆ ಮಾಡಿದಿರಾ ಅನ್ನುವ ಕಲಮು ಇಲ್ಲ, ನಮ್ಮ ರಕ್ತ ಮಾತ್ರ ಬೇಕು ಇವರಿಗೆ, ನಾಳೆ ಏನಾದರೂ ಆದರೆ ನೋಡಿ ಇವನ ರಕ್ತದಲ್ಲೇ ಇತ್ತು ಅಂತ ಕೈ ತೊಳೆದುಕೊಳ್ಳಬಹುದು — ಅದೇ ವಾರ, ಸರಿಯಾಗಿ ಅದೇ ವಾರ, ಮಗಳು ಬಂದು ಕೇಳಿದಳು, ಅಪ್ಪಾ, ಅಜ್ಜ ಕುಡೀತಿದ್ರಾ, ಯಾರು ಕಳಿಸಿದರು ಇವಳನ್ನು ಅನ್ನಿಸಿತು, ಸ್ವಂತ ಮಗಳ ಬಗ್ಗೆ ಬರುವ ಯೋಚನೆಯೇ ಇದು, ಬಂತು, ಅವಳು ಓದುತ್ತಿರುವುದು ಲ್ಯಾಬ್ ಟೆಕ್ನಿಶಿಯನ್ ಕೋರ್ಸು, ತರಗತಿಯಲ್ಲಿ ವಂಶದ ನಕ್ಷೆ ಬರೆಸುತ್ತಿದ್ದಾರಂತೆ, ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ, ಕಾಯಿಲೆ ಇದ್ದವರಿಗೆ ಕಪ್ಪು ತುಂಬಬೇಕು, ಅಜ್ಜ ಕುಡೀತಿರ್ಲಿಲ್ಲ, ಖಾಲಿ ಬಿಡು ಅಂದೆ, ಸರಿ ಅಂದಳು, ಎರಡು ದಿನ ಬಿಟ್ಟು ಅವಳಿಲ್ಲದಾಗ ಪುಸ್ತಕ ತೆರೆದು ನೋಡಿದರೆ ಅಜ್ಜನ ಚೌಕ ಕಪ್ಪಗಿದೆ, ಅಣ್ಣನದೂ ಕಪ್ಪಗಿದೆ, ನನ್ನದು ಖಾಲಿ, ಆದರೆ ನಟ್ಟನಡುವೆ ಪೆನ್ಸಿಲ್ಲಿನಲ್ಲಿ ಒಂದು ಚುಕ್ಕೆ, ಇದೇನು ಅಂತ ಕೇಳಿದೆ, ಪುಸ್ತಕ ಯಾಕೆ ತೆಗೆದೆ ಅಂತ ಅವಳು ಕೇಳಲಿಲ್ಲ, ಈ ಮನೆಯಲ್ಲಿ ಯಾರೂ ಅದನ್ನು ಕೇಳುವುದಿಲ್ಲ, ಒಳಗಿದ್ರೂ ಇರಬಹುದು, ಹೊರಗೆ ಕಾಣಲ್ಲ ಅಂತ ಗುರುತು ಅಪ್ಪಾ ಅದು ಅಂದಳು, ಕುಡಿತಕ್ಕೆ ಹಾಗೆ ಹಾಕೋ ಹಾಗಿಲ್ಲ, ಮೇಡಂ ಬೈತಾರೆ, ಇದು ಒಂದು ಜೀನಿಂದ ಬರೋದಲ್ಲ, ನೂರಾರು ಇರುತ್ತಂತೆ, ಒಂದೊಂದರದ್ದು ಒಂದೊಂದು ಚೂರು, ಅದೂ ಅರ್ಧ ಮಾತ್ರ ರಕ್ತದ್ದು, ಉಳಿದರ್ಧ ಮನೆಯದಂತೆ, ಮನೆಯದು ಅಂದ್ರೆ ಅಂತ ನಾನು, ಮನೆಯದು ಅಂದ್ರೆ ಮನೇದು, ಹೇಗೆ ಬೆಳೆಸ್ತಾರೆ, ಏನು ನೋಡ್ತಾ ಬೆಳೀತಾರೆ ಅನ್ನೋದು, ನಮ್ಮನೇಲಿ ಅದೇನಿದೆ ಅಂತ ನಾನು, ಅವಳು ಪೆನ್ಸಿಲ್ಲಿನ ತುದಿ ಕಚ್ಚಿದಳು. ಅಜ್ಜ ಕುಡೀತಿದ್ರು ಅಂತ ಯಾರು ಹೇಳಿದ್ರು ಅಂದೆ. ದೊಡ್ಡಪ್ಪ ಅಂದಳು. ದೊಡ್ಡಪ್ಪ ಎಲ್ಲಿ ಸಿಕ್ಕಿದ. ಅವರ ಮನೇಲಿ.

ಅವರ ಮನೇಲಿ ಅಂದರೆ ಅಣ್ಣನ ಮನೆಯಲ್ಲಿ, ಗೋಡೆಗೆ ಬಣ್ಣ ಹೊಡೆಯುವ ಅಣ್ಣ, ಏಣಿಯ ಮೇಲೆ ಕೈ ನಡುಗುತ್ತದೆ ಅಂತ ಎರಡು ಗುತ್ತಿಗೆದಾರರು ಬಿಟ್ಟ ಅಣ್ಣ, ಸಕ್ಕರೆ ಡಬ್ಬಿಯ ಪಕ್ಕದಲ್ಲೇ ಬಾಟಲಿ ಇಡುವ ಅಣ್ಣ, ಮುಚ್ಚುಮರೆಯೇ ಇಲ್ಲ, ಅತ್ತಿಗೆ ಎರಡು ಸಲ ತವರಿಗೆ ಹೋಗಿ ಎರಡು ಸಲ ವಾಪಸ್ಸು ಬಂದಿದ್ದಾರೆ, ಅಂಥ ಮನೆಗೆ ನನ್ನ ಮಗಳು ಎಷ್ಟು ದಿನದಿಂದ ಹೋಗುತ್ತಿದ್ದಾಳೆ, ಹೆಂಡತಿಗೆ ಗೊತ್ತಿತ್ತಾ, ಗೊತ್ತಿತ್ತು, ಮುಖ ನೋಡಿದರೆ ತಿಳಿಯಿತು, ಹೋದ್ರೆ ಏನ್ರೀ, ಅವರೇನು ಹುಲಿಯಾ ಅಂದಳು — ಹುಲಿಯಲ್ಲ, ಒಂದೇ ರಕ್ತ, ಒಂದೇ ಮನೆ, ಒಂದೇ ಚಾಪೆ, ಅವನು ಕುಡಿದ ನಾನು ಕುಡಿಯಲಿಲ್ಲ, ಯಾಕೆ ಅಂತ ಕೇಳಿದರೆ ನನ್ನ ಸ್ವಭಾವ ಒಳ್ಳೆಯದು ಅಂತ ಹೇಳಿಕೊಂಡು ಬಂದಿದ್ದೇನೆ ಇಷ್ಟು ವರ್ಷ, ಸುಳ್ಳು, ಅಮ್ಮ ಕೆಲಸ ಹಂಚಿದ್ದಳು ಅಷ್ಟೇ, ಅಪ್ಪನದು ಬೆಳಗಿನ ಪಾಳಿ, ಒಂದು ಗಂಟೆಗೆ ಇಳಿಯುತ್ತಿದ್ದ, ಮೂರಾದರೂ ಬರದಿದ್ದರೆ ಅಂಗಡಿಯಿಂದ ಕರೆತರಲು ದೊಡ್ಡವನು, ಬಂದ ಮೇಲೆ ಮೂಸಲು ಸಣ್ಣವನು, ನನಗೆ ಎಂಟು ವರ್ಷ, ಅಪ್ಪ ಕುರ್ಚಿಯಲ್ಲಿ ಕೂತ ಕೂಡಲೇ ಶೂ ಬಿಚ್ಚುವ ನೆಪದಲ್ಲಿ ಹತ್ತಿರ ಹೋಗಬೇಕು, ಉಸಿರು ಎಳೆದುಕೊಳ್ಳಬೇಕು, ಅಡುಗೆಮನೆಗೆ ಬಂದು ಬೆರಳು ತೋರಿಸಬೇಕು, ಒಂದು ಬೆರಳಾದರೆ ಸ್ವಲ್ಪ, ಎರಡಾದರೆ ಎದುರು ಮಾತಾಡಬಾರದು, ಮೂರಾದರೆ ಹಿಂಬಾಗಿಲಿಂದ ಪಕ್ಕದ ಮನೆಗೆ, ಅಮ್ಮ ನನ್ನ ಬೆರಳು ನೋಡಿ ಕೈಯಲ್ಲಿದ್ದ ಉಪ್ಪಿನ ಡಬ್ಬಿ ಕೆಳಗಿಡುತ್ತಿದ್ದಳು, ನನ್ನ ಮಗನ ಮೂಗು ತಪ್ಪಲ್ಲ ಅಂತ ಪಕ್ಕದ ಮನೆಯವರ ಮುಂದೆ ಹೊಗಳುತ್ತಿದ್ದಳು, ನಾನು ಹಿಗ್ಗುತ್ತಿದ್ದೆ, ಮೆಷಿನ್ನು ಹುಟ್ಟುವ ಮೊದಲು ಮೆಷಿನ್ನು ನಾನೇ, ಅಣ್ಣ ಮಾತ್ರ ಅಂಗಡಿಯ ಬೆಂಚಿನ ತುದಿಯಲ್ಲಿ ಕೂತು ಕಾಯುತ್ತಿದ್ದ, ಅಪ್ಪ ಕೊನೆಯ ಗುಟುಕು ಅವನಿಗೆ ಕೊಡುತ್ತಿದ್ದ, ಬಾಯಿ ಮುಚ್ಚಿಸುವುದಕ್ಕೆ, ಬಾ ಮರಿ, ಇದು ನಿಂಗೆ, ಅಮ್ಮಂಗೆ ಹೇಳ್ಬೇಡ, ಅಣ್ಣನಿಗೆ ಹನ್ನೆರಡು, ಒಂದು ದಿನ ಅಣ್ಣನಿಗೆ ಜ್ವರ, ಇವತ್ತು ನೀನು ಹೋಗಪ್ಪ ಅಂದಳು ಅಮ್ಮ, ನಾನು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಹೊರಳಿದೆ, ಅಣ್ಣ ಕಂಬಳಿ ತೆಗೆದು ಎದ್ದ, ಹಲ್ಲು ಕಟಕಟ ಅನ್ನುತ್ತಿತ್ತು, ನಿಂಗೇನೂ ಆಗಿಲ್ಲ ಅಂತ ನಂಗೊತ್ತು ಕಣೋ ಅಂದ, ಚಪ್ಪಲಿ ಮೆಟ್ಟಿ ಹೋದ, ಅವನು ವಾಪಸ್ಸು ಬಂದಾಗ ನಾನು ಇಬ್ಬರನ್ನೂ ಮೂಸಿದೆ, ಅಮ್ಮನಿಗೆ ಅಪ್ಪನ ಬೆರಳು ಮಾತ್ರ ತೋರಿಸಿದೆ, ಅಣ್ಣನದು ತೋರಿಸಲಿಲ್ಲ, ತೋರಿಸಿದ್ದರೆ ಮರುದಿನದಿಂದ ಅಂಗಡಿಗೆ ಹೋಗುವ ಕೆಲಸ ನನ್ನ ಪಾಲಿಗೆ — ಆ ಹುಡುಗನ ರಕ್ತದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ, ಬೆಂಚಿನ ತುದಿಯಲ್ಲಿ ಏನಿತ್ತು ಅಂತ ಗೊತ್ತು, ಫಾರಮ್ಮಿನಲ್ಲಿ ಬೆಂಚಿಗೆ ಕಲಮು ಇಲ್ಲ.

ಮುಂದೆ ಹೋಗ್ರೀ, ಹಿಂದಿನವನು ಬೆನ್ನಿಗೆ ಬೆರಳಿನಿಂದ ತಿವಿಯುತ್ತಾನೆ, ಎರಡು ಹೆಜ್ಜೆ ಸರಿದೆ, ಮೂರು ಜನ, ಆರೂ ಮೂವತ್ತೊಂದು, ಇವನ ಬಾಯಿಯಿಂದ ಯಾಲಕ್ಕಿ ವಾಸನೆ, ಬೆಳಿಗ್ಗೆ ಬೆಳಿಗ್ಗೆ ಯಾಲಕ್ಕಿ ಯಾಕೆ, ನೋಡು ನನ್ನ ಮೂಗು ಸುಮ್ಮನಿರುವುದಿಲ್ಲ, ಬಸ್ಸಿನಲ್ಲೂ ಸುಮ್ಮನಿರುವುದಿಲ್ಲ, ಹೆಂಡತಿ ಒಂದು ದಿನ ಹೇಳಿದ್ದಳು, ಮೂಸಿ ಮೂಸಿ ಮೂಗೇ ಸವೆದು ಹೋಗುತ್ತೆ ನಿಮ್ದು, ಮದುವೆಯಾದ ಹೊಸದರಲ್ಲಿ ಪ್ರೀತಿ ಅಂದ್ಕೊಂಡಿದ್ದೆ ನಾನು ಅಂತ, ಆ ಮಾತಿಗೆ ನಾನು ನಕ್ಕೆ, ಅವಳು ನಗಲಿಲ್ಲ. ಮಗಳು ಬರುವಾಗ ಪುದೀನ ವಾಸನೆ, ಒಂದು ತಿಂಗಳಿಂದ, ಬಾಯಲ್ಲಿ ಪುದೀನ ಮಿಠಾಯಿ, ಏನು ಮುಚ್ಚುವುದಕ್ಕೆ, ಅಪ್ಪ ಲವಂಗ ಜಗಿಯುತ್ತಿದ್ದ, ಲವಂಗದ ಕೆಳಗೆ ಅದು ಇರುತ್ತಿತ್ತು, ನನಗೆ ಎರಡು ಪದರವೂ ಸಿಗುತ್ತಿದ್ದವು, ಇವಳ ಪುದೀನದ ಕೆಳಗೂ ಏನೋ ಇದೆ, ಬಾಯಲ್ಲಲ್ಲ, ಕೈಯಲ್ಲಿ, ಬೆರಳಿನ ಸಂದಿಯಲ್ಲಿ ಸ್ಪಿರಿಟ್ಟು, ಲ್ಯಾಬಲ್ಲಿ ಗಾಜು ಒರೆಸೋದು ಅದರಲ್ಲೇ ಅಪ್ಪ ಅಂದಳು, ಇರಬಹುದು, ಅಪ್ಪನೂ ಹೇಳುತ್ತಿದ್ದ ಡೀಸೆಲ್ ವಾಸನೆ ಅದು ಅಂತ, ಎಲ್ಲರಿಗೂ ಒಂದೊಂದು ಕೆಲಸ ಇರುತ್ತದೆ, ಎಲ್ಲ ಕೆಲಸಕ್ಕೂ ಒಂದೊಂದು ವಾಸನೆ ಇರುತ್ತದೆ, ಕಳೆದ ಶುಕ್ರವಾರ ತಡವಾಗಿ ಬಂದಳು, ಮೆಟ್ಟಿಲ ಮೇಲೆ ಅವಳ ಹೆಜ್ಜೆ ಎಣಿಸಿದೆ, ಹದಿನಾಲ್ಕು ಮೆಟ್ಟಿಲಿಗೆ ಹದಿನೈದು ಹೆಜ್ಜೆ, ಒಂದು ಕಡೆ ತಡವರಿಸಿದ್ದಾಳೆ, ಬಾಗಿಲ ಹಿಂದೆ ನಿಂತು ಮಗಳ ಹೆಜ್ಜೆ ಎಣಿಸುವ ಗಂಡಸು, ಅಮ್ಮನೂ ಹೀಗೇ ನಿಲ್ಲುತ್ತಿದ್ದಳು, ಸೆರಗಿನಲ್ಲಿ ಕೈ ಒರೆಸುತ್ತ, ಅದೇ ಭಂಗಿ, ನನಗೆ ಸೆರಗಿಲ್ಲ, ಟವೆಲ್ಲು. ನಿನ್ನೆ ರಿಪೇರಿ ಆಫೀಸಿನವನು ಮೆಷಿನ್ನನ್ನು ಕೈಗಿಟ್ಟು ಸರಿ ಮಾಡಿದೀನಿ, ಈಗ ಸುಳ್ಳು ಹೇಳಲ್ಲ ನೋಡಿ ಅಂದ, ಆ ಮಾತು ಚೀಲದಲ್ಲಿ ಬೆಚ್ಚಗೆ ಕೂತಿತು, ಸುಳ್ಳು ಹೇಳದ ಒಂದು ವಸ್ತು ನನ್ನ ಚೀಲದಲ್ಲಿ, ಡ್ಯೂಟಿ ಇಳಿದು ಡಿಪೋದ ಕಿಟಕಿಯ ಮುಂದೆಯೇ ಹಾದು ಹೋದೆ, ಕೊಡಲಿಲ್ಲ.

ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದಳು, ಸಂಜೆ ಐದೂವರೆ, ಕಿಟಕಿಯ ಬೆಳಕು ಅವಳ ಲೋಟದ ಮೇಲೆ, ಹೆಂಡತಿ ಮಹಡಿಯ ಮೇಲೆ ಬಟ್ಟೆ ತೆಗೆಯಲು ಹೋಗಿದ್ದಳು, ನಾನು ಮೆಷಿನ್ನು ತೆಗೆದು ಒಲೆಯ ಕಟ್ಟೆಯ ಮೇಲೆ ಇಟ್ಟೆ, ಇದೇನಪ್ಪ ಅಂದಳು, ಊದು ಅಂದೆ, ಅವಳಿಗೆ ತಮಾಷೆ ಅನ್ನಿಸಿತು, ನಕ್ಕಳು, ನಿಂಗೆ ಪ್ರಾಕ್ಟೀಸಾ, ನಂಗೆ ಡ್ಯೂಟಿ ಹಾಕಿಸ್ತೀಯಾ ಅಂದಳು, ನನ್ನ ಮುಖ ನೋಡಿ ನಗು ನಿಲ್ಲಿಸಿದಳು, ಹೊಸ ಪೈಪು ಹಾಕಿದೆ ನಾನು, ಕವರು ಹರಿದು ಹೊಸದೇ ಹಾಕಿದೆ, ಅಷ್ಟು ಮರ್ಯಾದೆ ಕೊಟ್ಟೆ ಮಗಳಿಗೆ, ಡಿಪೋದವರಿಗಿಂತ ಮೇಲು ಅಂತ ಆ ಹೊತ್ತಿನಲ್ಲೂ ಅನ್ನಿಸಿತು, ಅವಳು ಕೈಗೆ ತೆಗೆದುಕೊಂಡಳು, ಹತ್ತೊಂಬತ್ತು ವರ್ಷದ ಹುಡುಗಿ, ಊದಿದಳು, ಬೀಪ್ ಅಂತು, ಸೊನ್ನೆ, ಚುಕ್ಕಿ, ಸೊನ್ನೆ ಸೊನ್ನೆ, ಹಸಿರು ದೀಪ, ಅಲ್ಲಿಗೆ ಮುಗಿಯಬೇಕಿತ್ತು, ಮುಗಿದಿತ್ತು ಕೂಡ, ಅವಳು ಮೆಷಿನ್ನು ವಾಪಸ್ಸು ಚಾಚಿದಳು, ನನ್ನ ಕೈಯೂ ಮುಂದೆ ಹೋಯಿತು, ನಾಲಿಗೆ ಮಾತ್ರ ಯಾರದೋ, ಇನ್ನೊಂದ್ಸಲ ಊದು ಅಂತು. ಎಲ್ಲರೂ ಊದುವಾಗ ಅಂಕಿ ನೋಡುತ್ತಾರೆ, ಒಂಬತ್ತು ವರ್ಷದಿಂದ ನೋಡಿದ್ದೇನೆ, ತಪ್ಪು ಮಾಡಿದವನೂ ಮಾಡದವನೂ ಕಣ್ಣು ಇಳಿಸಿ ಅಂಕಿಯನ್ನೇ ನೋಡುತ್ತಾನೆ, ಅವಳು ನೋಡಲಿಲ್ಲ, ಎರಡನೆಯ ಸಲ ಪೈಪು ಬಾಯಿಗಿಟ್ಟುಕೊಂಡು ಕೆನ್ನೆ ಉಬ್ಬಿಸಿ ನನ್ನನ್ನು ನೋಡುತ್ತ ಊದಿದಳು, ಬೀಪ್ ಅಂದ ಮೇಲೂ ಊದಿದಳು, ಉಸಿರೆಲ್ಲ ಮುಗಿದ ಮೇಲೂ ನೋಡುತ್ತಿದ್ದಳು, ನಾನು ಅಂಕಿ ನೋಡಿದೆ, ಸೊನ್ನೆ. ಪೈಪು ಕಿತ್ತು ಕಟ್ಟೆಯ ಮೇಲಿಟ್ಟಳು, ಅಪ್ಪಾ, ನಮ್ಮನೇಲಿ ಯಾರೂ ಕುಡಿಯಲ್ಲ, ಆದ್ರೂ ಇದು ಕುಡುಕರ ಮನೆ ಅಂದಳು, ಕೂಗಲಿಲ್ಲ, ಲ್ಯಾಬಿನ ವರದಿ ಓದುವ ಹಾಗೆ ಹೇಳಿದಳು, ನಾಳೆಯಿಂದ ದೊಡ್ಡಪ್ಪನ ಮನೇಲಿರ್ತೀನಿ, ಅವರು ಕುಡೀತಾರೆ, ಮೂಸಲ್ಲ. ಅಲ್ಲಿ ಸಕ್ಕರೆ ಡಬ್ಬಿಯ ಪಕ್ಕ ಏನಿದೆ ಗೊತ್ತಾ ನಿಂಗೆ ಅಂದೆ. ಗೊತ್ತು, ದೊಡ್ಡಪ್ಪನೇ ತೋರಿಸಿದ್ರು, ಇದನ್ನ ಮುಟ್ಬೇಡ ಮಗಳೇ, ನಮ್ಮ ಮೈಗೆ ಇದು ಅಂಟ್ಕೊಳ್ಳುತ್ತೆ, ನಾನು ಪಡೋ ಪಾಡು ನೋಡು ಅಂದ್ರು, ನೀವು ಯಾವತ್ತಾದ್ರೂ ನಂಗೆ ಅಷ್ಟು ಹೇಳಿದೀರಾ, ಅಜ್ಜ ಕುಡೀತಿರ್ಲಿಲ್ಲ ಅಂದ್ರಿ. ನನ್ನನ್ನು ನೀವು ಅಂದಳು, ಮಾತು ಬಂದಾಗಿನಿಂದ ನೀನು ಅಂದವಳು, ಬಸ್ಸಿನಲ್ಲಿ ಅಪರಿಚಿತರು ಡ್ರೈವರನ್ನು ಕರೆಯುವ ಹಾಗೆ.

ಅಣ್ಣ ಹಾಗೆ ಹೇಳಿದನಂತೆ, ನಂಬಲಾ, ಕುಡಿದವನ ಮಾತು, ಬೆಳಿಗ್ಗೆ ಹೇಳಿದನೋ ಸಂಜೆ ಹೇಳಿದನೋ, ಸಂಜೆ ಅವನ ಕೈ ನಡುಗುವುದು ನಿಲ್ಲುತ್ತದೆ, ಆಗ ಅವನು ತುಂಬ ಒಳ್ಳೆಯವನು, ಒಳ್ಳೆಯತನಕ್ಕೇ ಹೆದರಬೇಕು, ಅಪ್ಪನೂ ಒಂದು ಬೆರಳಿನಲ್ಲಿ ಒಳ್ಳೆಯವನೇ, ಅವಳು ಅಲ್ಲಿದ್ದರೆ ಒಂದು ದಿನ, ಪರೀಕ್ಷೆ ಸರಿ ಆಗದ ದಿನ, ಯಾರ ಜೊತೆಗೋ ಜಗಳವಾದ ದಿನ, ಸಕ್ಕರೆಗೆ ಅಂತ ಕೈ ಹಾಕಿದವಳು — ಅರ್ಧ ರಕ್ತ ಇದ್ದೇ ಇದೆ, ಇನ್ನರ್ಧಕ್ಕೆ ಆ ಮನೆ ಸಾಕು, ಈ ಮನೆಯೂ ಸಾಕಾಗಿತ್ತು, ಅದನ್ನೇ ತಾನೇ ಅವಳು ಹೇಳಿದ್ದು, ಕಪಾಟಿನಲ್ಲಿ ಬಾಟಲಿ ಇಲ್ಲ ಅಂತ ಮೀಸೆ ತಿರುವಿದವನು ನಾನು, ಏಳೂ ಹತ್ತಕ್ಕೆ ಅವಳು ಈ ಕಡೆ ನಿಂತಿದ್ದರೆ ಮುಂದಿನ ಬಾಗಿಲಲ್ಲೇ ಹತ್ತಿಸಿಕೊಂಡು ಇಂಜಿನ್ ಬಾನೆಟ್ಟಿನ ಪಕ್ಕ ಕೂರಿಸಿಕೊಂಡು ಹೇಳುತ್ತೇನೆ, ಬೆರಳಿನ ಕತೆ, ಹೊಟ್ಟೆನೋವಿನ ಕತೆ, ಒಂದು ಹನಿ ಮುಟ್ಟದಿದ್ದರೂ ಅಂಗಡಿ ದಾಟುವಾಗ ಉಸಿರು ಬಿಗಿ ಹಿಡಿಯುತ್ತೇನೆ ಅನ್ನುವುದು, ಆ ಚುಕ್ಕೆ ಸರಿಯಾಗಿಯೇ ಹಾಕಿದೀಯ ಮಗಳೇ ಅನ್ನುವುದು, ಆ ಕಡೆ ನಿಂತಿದ್ದರೆ, ನಿಂತಿದ್ದರೂ ಬಸ್ಸು ನಿಲ್ಲಿಸಿ ಇಳಿದು ರಸ್ತೆ ದಾಟಿ, ಜನ ಬೈಯಲಿ — ಮೊದಲು ಇಲ್ಲಿಂದ ಹೊರಡಬೇಕು, ಆರೂ ಮೂವತ್ತೇಳು. ಬಾರಪ್ಪ ನಿಂದು ಅಂತಾನೆ ಮಾಸ್ತರ, ಕಿಟಕಿಯ ಕಟ್ಟೆ ಅಡುಗೆಮನೆಯ ಕಟ್ಟೆಯಷ್ಟೇ ಎತ್ತರ, ಇದುವರೆಗೆ ಗಮನಿಸಿರಲಿಲ್ಲ, ಚೀಲದಿಂದ ಎರಡನೆಯ ಮೆಷಿನ್ನು ತೆಗೆದು ಕೊಟ್ಟೆ, ನಿನ್ನೆ ಕೊಡಬೇಕಿತ್ತಲ್ಲ, ಎಲ್ಲಿತ್ತು ಇದು, ಮನೇಲಿ, ಮನೇಲಿ ಯಾರನ್ನ ಊದಿಸಿದೆಯೋ ಅಂತ ಹಲ್ಲು ಬಿಡುತ್ತಾನೆ, ತಮಾಷೆಗೆ ಅಂದನೋ ತಿಳಿದೇ ಅಂದನೋ, ಹಳದಿ ಬಟ್ಟೆಯಲ್ಲಿ ಪೈಪು ಒರೆಸಿ ಚಾಚುತ್ತಾನೆ, ಊದಿದೆ, ಉದ್ದಕ್ಕೆ, ಅಂಕಿ ನೋಡುತ್ತಲೇ ಊದಿದೆ, ಬೀಪ್, ಸೊನ್ನೆ, ಚುಕ್ಕಿ, ಸೊನ್ನೆ ಸೊನ್ನೆ, ಸರಿ, ಇನ್ನೊಂದ್ಸಲ ಅಂತಾನೆ ಅವನು, ಅಭ್ಯಾಸಬಲದಿಂದ, ತಲೆಯೆತ್ತದೆ.

ಪೈಪು ಬಾಯಲ್ಲಿದೆ, ಊದಪ್ಪ, ಎದೆ ತುಂಬ ಗಾಳಿ ಇದೆ, ತುಟಿ ಮುಚ್ಚಿದೆ, ಊದಬೇಕು, ಊದಿದರೆ ಆರೂ ನಲವತ್ತಕ್ಕೆ ಗೇಟು, ಕಣ್ಣು ಅಂಕಿಗೆ ಇಳಿಯುತ್ತಿಲ್ಲ, ಮಾಸ್ತರನ ಮುಖವನ್ನು ನೋಡುತ್ತಿದೆ, ಏನೋ ಹಾಗೆ ನೋಡ್ತೀಯ, ಊದೋ, ಅವನ ಕೆನ್ನೆಯ ನರೆಗಡ್ಡ, ಅವನ ಹಿಂದೆ ಗೋಡೆಯ ಮೇಲೆ ಕೆಂಪು ಅಕ್ಷರ, ಊದಲು ನಿರಾಕರಿಸಿದವರನ್ನು ಕುಡಿದವರೆಂದೇ ಪರಿಗಣಿಸಲಾಗುವುದು, ಮೆಷಿನ್ನು ಬೀಪ್ ಬೀಪ್ ಅಂತ ಕರೆಯುತ್ತಿದೆ, ಹಿಂದೆ ಯಾರೋ ಏನಾಯ್ತು ಇವನಿಗೆ ಅಂತಾರೆ, ಇನ್ನೊಬ್ಬ ಅವರಪ್ಪನ ಮಗನಲ್ವಾ ಅಂತಾನೆ, ಊದಬೇಕು, ಆರೂ ಮೂವತ್ತೊಂಬತ್ತು, ಮಾಸ್ತರ ಪೆನ್ನಿನ ಮುಚ್ಚಳ ತೆಗೆಯುತ್ತಾನೆ, ಬರೀತೀನಿ ನೋಡು, ಆಮೇಲೆ ನನ್ನ ಬೈಬೇಡ, ಬರೆಯಲಿ, ಊದಬೇಕು, ಅವಳು ಚೀಲ ಹೊತ್ತು ಮೆಟ್ಟಿಲು ಇಳಿಯುತ್ತಿರಬೇಕು, ಊದಬೇಕು, ನೀನು ಅನ್ನುತ್ತಿದ್ದವಳು, ಪೈಪಿನ ಆಚೆ ತುದಿಯಲ್ಲಿ ಮಾಸ್ತರ ಇಲ್ಲ, ಎರಡು ಕೆನ್ನೆ, ಉಬ್ಬಿದ ಎರಡು ಕೆನ್ನೆ, ಮೇಲೆ ಎರಡು ಕಣ್ಣು, ಅಂಕಿ ನೋಡುತ್ತಿಲ್ಲ, ನನ್ನನ್ನು, ಬೀಪ್ ಮುಗಿದ ಮೇಲೂ, ಉಸಿರು ಮುಗಿದ ಮೇಲೂ, ಎರಡು ಕಣ್ಣು, ಮಿಟುಕದೆ, ನನ್ನನ್ನು